ಕಲ್ಪಿತ ರೈತನ ವಂಶಾವಳಿ

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರನ್ನು ನಂಬಿ ಬಾಳುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ವರ್ಷವೆಂಬುದು ಎರಡೇ ಭಾಗಗಳುಳ್ಳದ್ದು: ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು ಒಂದು, ಆ ಹಂಗಾಮಿನ ಬಿಲ್ಲಿಗಾಗಿ ಕಾಯುವ ಕಾಲ ಇನ್ನೊಂದು. 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪಿತವಾದುದು ಮೊದಲಾಗಿ, ಮುಂದೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಮೊದಲಾದ ಸಹಕಾರಿ ಕಾರ್ಖಾನೆಗಳೂ ತಲೆಯೆತ್ತಿದ ಮೇಲೆ, ಈ ಭಾಗದ ಮದುವೆ, ಮನೆಯ ಮಾಳಿಗೆ, ಮಕ್ಕಳ ಕಾಲೇಜಿನ ಫೀ ಎಲ್ಲವೂ ಆ ಬಿಲ್ಲು ಕೈಸೇರುವ ದಿನವನ್ನು ನೋಡಿಕೊಂಡೇ ನಿಶ್ಚಯವಾಗತೊಡಗಿದುವು. ರಾಯಬಾಗ ತಾಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲಿ ಕೆಲವು ಕಾಲ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದು, ಮರಳಿ ಈ ಸೀಮೆಗೆ ಬಂದ ನನಗೆ, ಅಂಥ ಬಿಲ್ಲನ್ನು ಲೆಕ್ಕ ಹಾಕುವ ವೆಬ್ ತಂತ್ರಾಂಶವೊಂದನ್ನು ಕಟ್ಟಿ ಪರೀಕ್ಷಿಸುವ ಕೆಲಸ ದೊರೆಯಿತು. ಯಾವ ಕಾರ್ಖಾನೆಯ ಕೆಲಸವೆಂಬುದನ್ನು ಇಲ್ಲಿ ಹೇಳಬೇಕಾಗಿಲ್ಲ. ನಾನು ಬರೆಯಹೊರಟಿರುವ ಸಂಗತಿ ಈ ಸೀಮೆಯ ಎಲ್ಲ ಕಾರ್ಖಾನೆಗಳಿಗೂ ಸಮಾನವಾದದ್ದು. ನಮ್ಮ ಉದ್ಯೋಗದಲ್ಲಿ ಟೆಸ್ಟ್ ಡೇಟಾ ಎಂದು ಕರೆಯುವ ಪರೀಕ್ಷಾ ದತ್ತಾಂಶದ ವಿಚಾರ ಅದು. ಅದನ್ನು ಸಿದ್ಧಪಡಿಸುವುದು ಕಿರಿಯರಿಗೆ ಒಪ್ಪಿಸುವ ಅಲ್ಪಕಾರ್ಯವೆಂಬ ಭಾವನೆ ಇಂದಿಗೂ ನಮ್ಮವರಲ್ಲಿದೆ. ಅದು ಗ್ರಾಮಜೀವನವನ್ನು ಕೂಲಂಕಷವಾಗಿ ಬಲ್ಲವರು ಮಾಡತಕ್ಕ ಕೆಲಸವೆಂಬುದು ನನಗೆ ಆ ಹಂಗಾಮುಗಳಲ್ಲಿ ಮನದಟ್ಟಾಯಿತು.

ವಿಷಯವನ್ನು ಅರಿಯದ ಓದುಗರಿಗಾಗಿ ಎರಡು ಮಾತು ಅವಶ್ಯವಾಗಿವೆ. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞರು ಪ್ರಕಟಿಸಿದ ಒಂದು ಪ್ರಬಂಧದಿಂದ ಮೊದಲುಗೊಂಡು, ಲೋಕದ ವ್ಯವಹಾರಗಳನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ವಿಂಗಡಿಸಿಡುವ ಪದ್ಧತಿ ಬಳಕೆಗೆ ಬಂದಿತು. ನಮ್ಮ ತಂತ್ರಾಂಶದಲ್ಲಿ ತಾಲೂಕಿಗೊಂದು ಕೋಷ್ಟಕ, ಗ್ರಾಮಕ್ಕೊಂದು, ರೈತನಿಗೊಂದು, ಹೊಲಕ್ಕೊಂದು, ಆ ಹೊಲದ ಕಬ್ಬಿನ ನೋಂದಣಿಗೊಂದು, ಕಡಿಯುವ ಟೋಳಿಗೊಂದು, ಸಾಗಿಸುವ ಟ್ರ್ಯಾಕ್ಟರಿಗೊಂದು, ಕಾಟಾದ ಮೇಲೆ ತೂಗಿದ ಚೀಟಿಗೊಂದು, ಕೊನೆಗೆ ಬಿಲ್ಲಿಗೂ ಅದರಲ್ಲಿನ ಕಡಿತಗಳಿಗೂ ಒಂದೊಂದು ಹೀಗೆ ಇದ್ದವು. ತೂಕದ ಚೀಟಿಯ ಸಾಲಿನಲ್ಲಿ ರೈತನ ಹೆಸರಿರುವುದಿಲ್ಲ. ನೋಂದಣಿಯ ಸಂಖ್ಯೆಯೊಂದು ಇರುವುದು. ಆ ಸಂಖ್ಯೆಯನ್ನು ಹಿಡಿದು ನೋಂದಣಿಗೆ, ನೋಂದಣಿಯಿಂದ ಹೊಲಕ್ಕೆ, ಹೊಲದಿಂದ ರೈತನಿಗೆ, ರೈತನಿಂದ ಗ್ರಾಮಕ್ಕೆ ಹೋಗಬೇಕು. ಈ ಸೂಚಕಸಂಖ್ಯೆಗೆ ಫಾರಿನ್ ಕೀ ಎಂದು ಹೆಸರು. ಇಲ್ಲದ ರೈತನ ಹೊಲವನ್ನಾಗಲಿ, ಇಲ್ಲದ ಹೊಲದ ಚೀಟಿಯನ್ನಾಗಲಿ ಒಳಗೆ ಬಿಡದಿರುವುದು ಡೇಟಾಬೇಸಿನ ಕರ್ತವ್ಯ. ಆದುದರಿಂದ ಒಂದೇ ಒಂದು ತೂಕದ ಚೀಟಿಯ ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಬೇಕಾದರೂ ಅದಕ್ಕೆ ಮುಂಚಿತವಾಗಿ ಒಂದು ತಾಲೂಕು, ಒಂದು ಊರು, ಒಬ್ಬ ರೈತ, ಒಂದು ಹೊಲ, ಒಂದು ನೋಂದಣಿ, ಒಂದು ಟೋಳಿ, ಒಂದು ವಾಹನ ಇಷ್ಟನ್ನೂ ಯಥಾಕ್ರಮದಲ್ಲಿ ಸೃಷ್ಟಿಸಿಕೊಳ್ಳಬೇಕಾಗುವುದು.

ನಾನು ಕೆಲಸಕ್ಕೆ ಸೇರಿದಾಗ ತಂಡದಲ್ಲಿ ಈ ಸೃಷ್ಟಿಯೆಲ್ಲ ಒಂದು ದೊಡ್ಡ ಕಡತದಲ್ಲಿ ಸಿದ್ಧವಾಗಿ ಕುಳಿತಿತ್ತು. ‘ಟೆಸ್ಟ್ ರೈತ ಒಂದು’, ‘ಟೆಸ್ಟ್ ರೈತ ಎರಡು’ ಎಂಬ ನಾಮಧೇಯವುಳ್ಳ, ಒಬ್ಬೊಬ್ಬನಿಗೂ ಸರಿಯಾಗಿ ಒಂದೊಂದು ಎಕರೆ ಹೊಲ, ಒಂದೊಂದು ಬ್ಯಾಂಕ್ ಖಾತೆ ಇದ್ದ ರೈತರು ಅದರಲ್ಲಿದ್ದರು. ಪ್ರತಿಯೊಂದು ಪರೀಕ್ಷೆಯೂ ಆರಂಭವಾಗುವಾಗ ಆ ಇಡೀ ಕಡತವನ್ನು ಡೇಟಾಬೇಸಿಗೆ ಸುರಿಯುತ್ತಿದ್ದರು. ಯಾವ ಪರೀಕ್ಷೆ ಯಾವ ರೈತನನ್ನು ಆಶ್ರಯಿಸಿಕೊಂಡಿದೆಯೆಂಬುದನ್ನು ಬಲ್ಲವರು ತಂಡದಲ್ಲಿ ಉಳಿದಿರಲಿಲ್ಲ. ಸಾಲ ವಸೂಲಿಯ ಪರೀಕ್ಷೆಗಾಗಿ ಯಾರೋ ಹದಿನೇಳನೆಯ ರೈತನ ಮೇಲೆ ಸಾಲವನ್ನು ಹೊರಿಸಿದರೆ, ಅದೇ ರೈತನ ನಿವ್ವಳ ಬಿಲ್ಲನ್ನು ನೋಡುತ್ತಿದ್ದ, ಸಾಲಕ್ಕೂ ತನಗೂ ಏನೇನೂ ಸಂಬಂಧವಿಲ್ಲದ ಬೇರೊಂದು ಪರೀಕ್ಷೆ ಬಿದ್ದುಹೋಗುತ್ತಿತ್ತು. ಅದಕ್ಕೆ ಹೆದರಿ ಜನ ಇದ್ದವರನ್ನು ಮುಟ್ಟದೆ ಹೊಸ ರೈತರನ್ನು ಸೇರಿಸುತ್ತ ಹೋದರು, ಕಡತ ಬೆಳೆಯಿತು, ಬೆಳೆದಷ್ಟೂ ಅದು ದುರ್ಗಮವಾಯಿತು. ಇನ್ನು ಕೆಲವೆಡೆಗಳಲ್ಲಿ ಇದಕ್ಕಿಂತ ಕೆಟ್ಟ ಅಭ್ಯಾಸವನ್ನೂ ನಾನು ಕಂಡಿದ್ದೇನೆ: ಕೋಷ್ಟಕಗಳ ಕ್ರಮವನ್ನು ಯೋಚಿಸುವ ಶ್ರಮವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಫಾರಿನ್ ಕೀಯ ಪರಿಶೀಲನೆಯನ್ನೇ ನಿಲ್ಲಿಸಿ, ದತ್ತಾಂಶವನ್ನು ತುಂಬಿ, ಆಮೇಲೆ ಮತ್ತೆ ಆರಂಭಿಸುವುದು. 2010ರಲ್ಲಿ ಮೈಎಸ್‌ಕ್ಯೂಎಲ್ 5.5 ಬರುವವರೆಗೆ ಆ ಡೇಟಾಬೇಸಿನ ರೂಢಿಯ ಎಂಜಿನ್ ಆಗಿದ್ದ ಮೈಐಎಸ್‌ಎಎಂ ಅಂತೂ ಫಾರಿನ್ ಕೀಯ ನಿಯಮವನ್ನು ಬರೆದರೆ ಓದಿಕೊಂಡು ಸುಮ್ಮನಾಗುತ್ತಿತ್ತು, ಪಾಲಿಸುತ್ತಿರಲಿಲ್ಲ. ಹೀಗೆ ಹುಟ್ಟಿದ ದತ್ತಾಂಶದಲ್ಲಿ ತಂದೆತಾಯಿಯಿಲ್ಲದ ಚೀಟಿಗಳು, ಊರಿಲ್ಲದ ರೈತರು ತುಂಬಿಕೊಂಡಿರುತ್ತಿದ್ದರು. ಅವರ ಮೇಲೆ ನಡೆದ ಪರೀಕ್ಷೆ ಗೆದ್ದರೂ ಅದಕ್ಕೆ ಅರ್ಥವಿರಲಿಲ್ಲ.

ನನ್ನ ದೃಷ್ಟಿಯನ್ನು ತಿರುಗಿಸಿದವರು ಕಾರ್ಖಾನೆಯ ಕಬ್ಬು ವಿಭಾಗದ ಒಬ್ಬ ಹಿರಿಯ ಗುಮಾಸ್ತರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಗ್ರಾಮಲೆಕ್ಕಿಗರಾದ ತಲಾಠಿಗಳು ಹೊಲದ ಉತಾರವನ್ನು ಕೈಯಿಂದ ಬರೆದುಕೊಡುತ್ತಿದ್ದ ಕಾಲವನ್ನೂ, ರಾಜ್ಯದ ಸುಮಾರು 2 ಕೋಟಿ ಉತಾರಗಳನ್ನು ಗಣಕಕ್ಕೇರಿಸಿದ ಭೂಮಿ ಯೋಜನೆಯ ಕಾಲವನ್ನೂ ಕಂಡವರಾಗಿದ್ದ ಅವರು, ಒಂದು ಮಧ್ಯಾಹ್ನ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಪರದೆಯ ಮೇಲಿನ ಕಲ್ಪಿತ ರೈತನನ್ನು ಬಹಳ ಹೊತ್ತು ನೋಡಿ, “ಸಾಹೇಬ್ರ, ಈ ನಿಮ್ಮ ರೈತಗ ಅಣ್ತಮ್ಮಂದಿರು ಯಾರೂ ಇಲ್ಲೇನ್ರಿ? ಸೊಸಾಯ್ಟಿ ಸಾಲಾನೂ ಇಲ್ಲ, ಹೊಲದಾಗ ಪಾಲೂ ಇಲ್ಲ. ಇಂಥಾ ರೈತನ್ನ ನಾ ಇಲ್ಲೀತನಾ ನೋಡಿಲ್ರಿ” ಎಂದರು.

“ಹಂಗಾರ ಎಂಥಾ ರೈತ ಇರ್ತಾನ್ರಿ ಕಾಕಾ?” ಎಂದು ನಾನು ಕೇಳಿದೆನು.

ಅವರು ಮೇಜಿನ ಖಾನೆಯಿಂದ ಒಂದು ಹಳೆಯ ಉತಾರವನ್ನು ತೆಗೆದು ಮುಂದಿಟ್ಟರು. ದಕ್ಷಿಣದ ಜಿಲ್ಲೆಗಳವರು ಪಹಣಿಯೆಂದು ಕರೆಯುವ ಈ ಪತ್ರವನ್ನು ನಾನು ಮನೆಯಲ್ಲಿ ಎಷ್ಟೋ ಸಲ ಕಂಡಿದ್ದೆನಾದರೂ, ತಂತ್ರಾಂಶ ಬರೆಯುವವನ ಕಣ್ಣಿನಿಂದ ಅದನ್ನು ಓದಿದ್ದು ಅಂದೇ. ರಿ.ಸ.ನಂ., ಎಂದರೆ ಸರ್ವೆ ನಂಬರು, ಎಂಬುದರ ಮುಂದೆ ಅಂಕಿಯೊಂದೇ ಇರಲಿಲ್ಲ. ಅಂಕಿ, ಗೆರೆ, ಮತ್ತೊಂದು ಅಂಕಿ, ‘ಅ’ ಎಂಬ ಅಕ್ಷರ, ಕೂಡಿಸುವ ಚಿಹ್ನೆ, ಮತ್ತೊಂದು ಹಿಸ್ಸೆಯ ಸಂಖ್ಯೆ ಇಷ್ಟೂ ಇದ್ದವು. 9ನೆಯ ಕಲಮಿನಲ್ಲಿ ಒಬ್ಬರ ಕೆಳಗೊಬ್ಬರಂತೆ ನಾಲ್ವರ ಹೆಸರು. 11ನೆಯ ಕಲಮಿನಲ್ಲಿ ಪಿಕೆಪಿಎಸ್ ಎಂಬ ಕೃಷಿ ಪತ್ತಿನ ಸಹಕಾರಿ ಸಂಘದ ಬೋಜಾ, ಎಂದರೆ ಸಾಲದ ಹೊರೆ. 12ನೆಯ ಕಲಮಿನಲ್ಲಿ ಸಾಗುವಳಿಯ ವಿವರ. ಹೊಲ ಒಂದೇ, ಅದರ ಮೇಲೆ ಹಕ್ಕುಳ್ಳವರು ಹಲವರು, ಸಾಗುವಳಿ ಮಾಡುವವನು ಅವರಲ್ಲೊಬ್ಬ, ಅಥವಾ ಅವರಲ್ಲಿ ಯಾರೂ ಅಲ್ಲದ ಪಾಲಿನವನು. ನಮ್ಮ ಕಡತದಲ್ಲಿಯಾದರೋ ಹೊಲದ ಸಾಲಿನಲ್ಲಿ ರೈತನ ಸೂಚಕಸಂಖ್ಯೆಗೆ ಒಂದೇ ಒಂದು ಜಾಗವಿದ್ದಿತು. ಪರೀಕ್ಷಾ ದತ್ತಾಂಶದ ಬಡತನವು ಕೋಷ್ಟಕಗಳ ರಚನೆಯ ಬಡತನವನ್ನು ಮರೆಮಾಡಿಕೊಂಡು ಬಂದಿತ್ತು. ಕಲ್ಪಿತ ರೈತನಿಗೆ ಸೋದರರಿದ್ದಿದ್ದರೆ ಹೊಲಕ್ಕೂ ರೈತನಿಗೂ ನಡುವೆ ಹಿಸ್ಸೆದಾರರ ಕೋಷ್ಟಕವೊಂದು ಬೇಕೆಂಬುದು ಮೊದಲ ವಾರದಲ್ಲಿಯೇ ಗೊತ್ತಾಗುತ್ತಿತ್ತು.

ಅದೇ ಉತಾರದಲ್ಲಿ ಕ್ಷೇತ್ರದ ಕಲಮು ಇನ್ನೊಂದು ಪಾಠವನ್ನು ಕಲಿಸಿತು. 2-30 ಎಂದರೆ 2 ಎಕರೆ 30 ಗುಂಟೆ. ಎಕರೆಗೆ 40 ಗುಂಟೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೆ ಯಂತ್ರಕ್ಕೆ ಅದನ್ನು ದಶಾಂಶವಾಗಿ ಕೊಟ್ಟರೆ 2.30ಕ್ಕೆ 1.20ನ್ನು ಕೂಡಿಸಿ 3.50 ಎನ್ನುವುದು, ನಿಜವಾದ ಉತ್ತರ 4 ಎಕರೆ 10 ಗುಂಟೆ. ಕಡತದ ರೈತರೆಲ್ಲರೂ ಪೂರ್ಣ ಎಕರೆಗಳ ಒಡೆಯರಾಗಿದ್ದುದರಿಂದ ಈ ದೋಷವು ಯಾವ ಪರೀಕ್ಷೆಗೂ ಸಿಕ್ಕದೆ ಸುರಕ್ಷಿತವಾಗಿ ಉಳಿದುಕೊಂಡಿತ್ತು. ಇದಕ್ಕೆ ಗಡಿಯ ತೊಡಕು ಬೇರೆ ಸೇರುವುದು. ನಿಪ್ಪಾಣಿ, ಕಾಗವಾಡಗಳ ಕಡೆಯ ಎಷ್ಟೋ ಕುಟುಂಬಗಳಿಗೆ ಮಹಾರಾಷ್ಟ್ರದಲ್ಲಿಯೂ ಹೊಲವಿದೆ. ಅಲ್ಲಿನ ಉತಾರವಾದ ಸಾತ್‌ಬಾರಾ ಪತ್ರವು ಎಕರೆ-ಗುಂಟೆಗಳನ್ನು ಬಿಟ್ಟು ಹೆಕ್ಟೇರ್-ಆರ್‌ಗಳಲ್ಲಿ ಮಾತನಾಡುವುದು, ಹೆಕ್ಟೇರಿಗೆ 100 ಆರ್‌ಗಳ ಲೆಕ್ಕದಲ್ಲಿ. ಒಬ್ಬನೇ ರೈತ, ಎರಡು ರಾಜ್ಯಗಳ ಎರಡು ಹೊಲ, ಎರಡು ಅಳತೆ. ಕಬ್ಬು ಬಂದು ಬೀಳುವುದು ಒಂದೇ ಕಾಟಾದ ಮೇಲೆ. ಇಂಥ ರೈತನೊಬ್ಬನನ್ನು ನಾನು ಪರೀಕ್ಷಾ ದತ್ತಾಂಶದಲ್ಲಿ ಸೃಷ್ಟಿಸಿದ ದಿನ ಬಿದ್ದ ಪರೀಕ್ಷೆಗಳ ಪಟ್ಟಿಯನ್ನು ನೋಡಿ ತಂಡದವರಿಗೆ ಬೇಸರವಾಯಿತು. ನನಗೆ ಮಾತ್ರ ಅದುವರೆಗೆ ಮರೆಯಲ್ಲಿದ್ದ ತಪ್ಪುಗಳೆಲ್ಲ ರೈತರ ಬಿಲ್ಲನ್ನು ಮುಟ್ಟುವ ಮೊದಲೇ ಹೊರಬಿದ್ದುವೆಂಬ ಸಮಾಧಾನವಾಯಿತು.

ಎಲ್ಲಕ್ಕಿಂತ ಹೆಚ್ಚು ಕಾಲವನ್ನು ನಾವು ಕಳೆದದ್ದು ಮರಣದ ಸಂಗತಿಯ ಮೇಲೆ. ಹಂಗಾಮಿನ ನಡುವೆ ಮನೆಯ ಯಜಮಾನನು ತೀರಿಕೊಂಡನೆಂದು ಭಾವಿಸಿರಿ. ಅವನ ಹೆಸರಿನ ನೋಂದಣಿಯ ಕಬ್ಬು ಅರ್ಧ ಕಡಿದು ಕಾಟಾ ದಾಟಿದೆ, ಇನ್ನರ್ಧ ಹೊಲದಲ್ಲಿ ನಿಂತಿದೆ. ಹಳೆಯ ವ್ಯವಸ್ಥೆಯಲ್ಲಿ ಗುಮಾಸ್ತರು ರೈತನ ಸಾಲಿನಲ್ಲಿಯೇ ಹೆಸರನ್ನು ಅಳಿಸಿ ಹಿರಿಯ ಮಗನ ಹೆಸರನ್ನು ಬರೆಯುತ್ತಿದ್ದರು. ಆ ಕ್ಷಣವೇ ತಂದೆಯ ಕಾಲದ ಚೀಟಿಗಳೂ, ಹಿಂದಿನ ಹಂಗಾಮುಗಳ ಬಿಲ್ಲುಗಳೂ ಮಗನವಾಗಿ ಬಿಡುತ್ತಿದ್ದುವು. ಗತಿಸಿದವನು ಒಂದು ದಿನವೂ ಕಬ್ಬು ಬೆಳೆಯಲೇ ಇಲ್ಲವೆಂಬಂತೆ ದಾಖಲೆ ನುಡಿಯುತ್ತಿತ್ತು. ಇದನ್ನು ಸರಿಪಡಿಸಬೇಕಾದರೆ ಹಕ್ಕು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾರದು ಎಂಬುದಕ್ಕೇ ಒಂದು ಕೋಷ್ಟಕ ಬೇಕಾಗುವುದು. ಅದನ್ನು ಪರೀಕ್ಷಿಸಬೇಕಾದರೆ ಕಲ್ಪಿತ ರೈತನಿಗೊಂದು ವಂಶಾವಳಿ ಬೇಕಾಗುವುದು. ನಾನು ಕಾಕಾರ ಸಹಾಯದಿಂದ ಅದನ್ನು ರಚಿಸಿದೆನು: ಗತಿಸಿದ ತಂದೆ, ಇಬ್ಬರು ಗಂಡುಮಕ್ಕಳು, ಕಾಗಲ್ ತಾಲೂಕಿಗೆ ಮದುವೆಯಾಗಿ ಹೋದ ಒಬ್ಬಳು ಮಗಳು. ಮಗಳನ್ನು ಸೇರಿಸಿದಾಗ ತಂಡದಲ್ಲಿ ಒಬ್ಬರು, “ಅಕ್ಕಾರು ಹಕ್ಕು ಬಿಟ್ಟ್ ಕೊಡ್ತಾರ ಬಿಡ್ರಿ” ಎಂದರು. ಬಿಟ್ಟುಕೊಡುವುದು ಅವಳ ಇಚ್ಛೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟಿರುವಾಗ, ಅವಳಿಗೆ ಜಾಗವೇ ಇಲ್ಲದಂತೆ ತಂತ್ರಾಂಶವನ್ನು ಕಟ್ಟುವ ಅಧಿಕಾರ ನಮಗಿಲ್ಲ. ವಾರಸಾ ಪಟ್ಟಿಯಲ್ಲಿ ಮಗಳಿರುವ ಕುಟುಂಬವು ಪರೀಕ್ಷಾ ದತ್ತಾಂಶದಲ್ಲಿ ಇಲ್ಲದಿದ್ದರೆ, ಅಂಥ ಕುಟುಂಬಕ್ಕೆ ಬಿಲ್ಲು ಕೊಡಲು ಬಾರದ ತಂತ್ರಾಂಶವು ಯಾರ ಗಮನಕ್ಕೂ ಬಾರದೆ ಕಾರ್ಖಾನೆಯನ್ನು ಸೇರಿಬಿಡುವುದು.

ಆ ಮೂವರ ಪಾಲು ಇನ್ನೊಂದು ಸೂಕ್ಷ್ಮವನ್ನು ತೋರಿಸಿತು. 2018-19ರ ಹಂಗಾಮಿಗೆ ಕೇಂದ್ರ ಸರ್ಕಾರವು ನಿಗದಿಪಡಿಸಿದ ಎಫ್‌ಆರ್‌ಪಿ ಎಂಬ ನ್ಯಾಯಯುತ ಬೆಲೆ ಶೇಕಡಾ 10ರ ಇಳುವರಿಗೆ ಟನ್ನಿಗೆ 2,750 ರೂಪಾಯಿ. 20.500 ಟನ್ ಕಬ್ಬಿಗೆ 56,375 ರೂಪಾಯಿ. ಮೂರು ಪಾಲು ಮಾಡಿ ಪೈಸೆಗೆ ಸರಿಪಡಿಸಿದರೆ ಒಬ್ಬೊಬ್ಬರಿಗೆ 18,791 ರೂಪಾಯಿ 67 ಪೈಸೆ. ಮೂರನ್ನೂ ಮರಳಿ ಕೂಡಿಸಿದರೆ 56,375 ರೂಪಾಯಿ 1 ಪೈಸೆ. ಆ ಒಂದು ಪೈಸೆ ಎಲ್ಲಿಂದ ಬಂದಿತು? ಸಾವಿರಾರು ರೈತರ ಪಟ್ಟಿಯಲ್ಲಿ ಇಂಥ ಪೈಸೆಗಳು ಸೇರಿ ಬ್ಯಾಂಕಿಗೆ ಕಳುಹಿಸಿದ ಮೊತ್ತವೂ ಲೆಕ್ಕಪುಸ್ತಕದ ಮೊತ್ತವೂ ಹೊಂದದೆ ಹೋದರೆ, ಹೊಂದುವವರೆಗೆ ಇಡೀ ಪಾವತಿ ನಿಲ್ಲುವುದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಆದುದರಿಂದ ಒಂದು ಪೈಸೆಯನ್ನು ಕೊನೆಯ ಪಾಲಿನಲ್ಲಿ ಸರಿಹೊಂದಿಸುವ ನಿಯಮವನ್ನೂ, ಹದಿನಾಲ್ಕನೆಯ ದಿನ ಮತ್ತು ಹದಿನೈದನೆಯ ದಿನ ಎಂಬ ಎರಡು ದಿನಾಂಕಗಳುಳ್ಳ ಚೀಟಿಗಳನ್ನೂ ಪರೀಕ್ಷೆಯಲ್ಲಿ ಸೇರಿಸಿದೆವು. ಪಾಲುದಾರರ ಸಂಖ್ಯೆ ಎರಡೋ ನಾಲ್ಕೋ ಆಗಿದ್ದರೆ ಈ ಮೊತ್ತವು ಪೈಸೆಗೆ ಸರಿಯಾಗಿ ಭಾಗವಾಗುತ್ತಿತ್ತು, ದೋಷ ಅಡಗಿಯೇ ಇರುತ್ತಿತ್ತು.

ಇಷ್ಟೆಲ್ಲ ಬಗೆಯ ಕುಟುಂಬಗಳನ್ನು ಒಂದೇ ಕಡತದಲ್ಲಿಡುವುದು ಅಸಾಧ್ಯವೆಂದು ತಿಳಿದ ಮೇಲೆ ನಾವು ಪದ್ಧತಿಯನ್ನೇ ಬದಲಾಯಿಸಿದೆವು. ನಮ್ಮ ತಂತ್ರಾಂಶವು ಜ್ಯಾಂಗೋ ಎಂಬ ಚೌಕಟ್ಟಿನ ಮೇಲೆ ನಿಂತಿತ್ತು; ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ವೃತ್ತಪತ್ರಿಕೆಯೊಂದರ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಲೋಕಕ್ಕೆ ಮುಕ್ತವಾದ ಈ ಚೌಕಟ್ಟು ಚಿಕ್ಕೋಡಿ ಸೀಮೆಯ ಕಬ್ಬಿನ ಲೆಕ್ಕಕ್ಕೆ ಒದಗಿಬಂದದ್ದನ್ನು ನೆನೆದರೆ ಇಂದಿಗೂ ಸಂತೋಷವಾಗುತ್ತದೆ. ಅದರೊಡನೆ ಫ್ಯಾಕ್ಟರಿ ಬಾಯ್ ಎಂಬ ಪೂರಕ ತಂತ್ರಾಂಶವನ್ನು ಬಳಸಿ, ಪ್ರತಿಯೊಂದು ಕೋಷ್ಟಕಕ್ಕೂ ಒಬ್ಬೊಬ್ಬ ಸೃಷ್ಟಿಕರ್ತನನ್ನು ಬರೆದೆವು. ತೂಕದ ಚೀಟಿಯನ್ನು ಕೇಳಿದರೆ ಅದು ತಾನೇ ನೋಂದಣಿಯನ್ನು ಕೇಳುವುದು, ನೋಂದಣಿ ಹೊಲವನ್ನು, ಹೊಲ ಹಿಸ್ಸೆದಾರರನ್ನು, ಅವರು ಗ್ರಾಮವನ್ನು. ಹಿರಿಯದು ಮೊದಲು ಹುಟ್ಟಿ ಕಿರಿಯದು ಆಮೇಲೆ ಹುಟ್ಟುವ ಕ್ರಮವು ತಾನಾಗಿ ಒದಗುವುದು. ಪರೀಕ್ಷೆ ಬರೆಯುವವನು ತನಗೆ ಮುಖ್ಯವಾದುದನ್ನಷ್ಟೇ ಹೇಳಿದರೆ ಸಾಕು: ಹಂಗಾಮಿನ ನಡುವೆ ತಂದೆ ಗತಿಸಿರಲಿ, ಹೊಲ 2 ಎಕರೆ 30 ಗುಂಟೆ ಇರಲಿ, ಕುಳೆ ಕಬ್ಬಾಗಿರಲಿ, ತಳಿ ಕೋ 86032 ಆಗಿರಲಿ. ಉಳಿದುದೆಲ್ಲ ಸಾಧಾರಣ ಮೌಲ್ಯಗಳಿಂದ ತುಂಬಿಕೊಳ್ಳುವುದು. ಓದುವವನಿಗೂ ಈ ಪರೀಕ್ಷೆಯಲ್ಲಿ ಯಾವುದು ಗಮನಾರ್ಹವೆಂಬುದು ಅದರ ಮೊದಲ ನಾಲ್ಕು ಸಾಲುಗಳಲ್ಲಿಯೇ ತಿಳಿಯುವುದು. ಪರೀಕ್ಷೆ ಮುಗಿದೊಡನೆ ನಡೆದದ್ದೆಲ್ಲವೂ ರೋಲ್‌ಬ್ಯಾಕ್ ಆಗಿ ಡೇಟಾಬೇಸು ಮೊದಲಿನಂತೆ ನಿರ್ಮಲವಾಗುವುದರಿಂದ, ಒಬ್ಬ ರೈತನ ಮೇಲೆ ಹೊರಿಸಿದ ಸಾಲ ಇನ್ನೊಬ್ಬನ ಪರೀಕ್ಷೆಗೆ ತಗುಲುವ ಭಯವೂ ಉಳಿಯಲಿಲ್ಲ.

ಒಂದು ಕಡೆಯಲ್ಲಿ ಮಾತ್ರ ಈ ಹಿರಿಯ-ಕಿರಿಯ ಕ್ರಮ ನಡೆಯಲಿಲ್ಲ. ಕಬ್ಬು ಕಡಿಯುವ ಟೋಳಿಗೆ ಒಬ್ಬ ಮುಕಾದಮ, ಎಂದರೆ ಮುಖಂಡ, ಇರಬೇಕು. ಮುಕಾದಮನು ಒಂದು ಟೋಳಿಯ ಸದಸ್ಯನಾಗಿರಬೇಕು. ಟೋಳಿಯ ಸಾಲು ಮುಕಾದಮನನ್ನು ಬೇಡುವುದು, ಮುಕಾದಮನ ಸಾಲು ಟೋಳಿಯನ್ನು ಬೇಡುವುದು. ಯಾರು ಮೊದಲು ಹುಟ್ಟಬೇಕು? ಮುಕಾದಮನ ಜಾಗವನ್ನು ಖಾಲಿ ಬಿಡಲು ಅನುಮತಿ ಕೊಟ್ಟರೆ ಕೆಲಸ ಸುಲಭ. ಆದರೆ ಮುಕಾದಮನಿಲ್ಲದ ಟೋಳಿಗೆ ಮುಂಗಡ ಹಣ ಕೊಟ್ಟ ದಾಖಲೆ ಹುಟ್ಟಿಕೊಳ್ಳಲು ಅದೇ ಬಾಗಿಲಾಗುವುದು. ನಾವು ಬಳಸುತ್ತಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ನಿಯಮದ ಪರಿಶೀಲನೆಯನ್ನು ವ್ಯವಹಾರದ ಕೊನೆಯವರೆಗೆ ಮುಂದೂಡುವ ಸೌಕರ್ಯವಿದೆ. ಎರಡನ್ನೂ ಒಂದೇ ವ್ಯವಹಾರದಲ್ಲಿ ಬರೆದು, ಕೊನೆಗೆ ಒಮ್ಮೆ ಎರಡೂ ಹೊಂದಿವೆಯೇ ಎಂದು ನೋಡುವ ಈ ಮಾರ್ಗವನ್ನು ನಾವು ಹಿಡಿದೆವು. ನಿಯಮವೂ ಉಳಿಯಿತು, ಪರೀಕ್ಷೆಯೂ ನಡೆಯಿತು.

ಇನ್ನು ಕಾಗವಾಡದ ಮಾತು. 2018ರಲ್ಲಿ ನಿಪ್ಪಾಣಿಯು ಚಿಕ್ಕೋಡಿಯಿಂದಲೂ ಕಾಗವಾಡವು ಅಥಣಿಯಿಂದಲೂ ಬೇರ್ಪಟ್ಟು ಸ್ವತಂತ್ರ ತಾಲೂಕುಗಳಾದುವು. ಉಗಾರ, ಶೇಡಬಾಳ, ಐನಾಪುರ, ಮಂಗಸೂಳಿಗಳ ಜನ ಸಂತೋಷಪಟ್ಟರು. ಗ್ರಾಮವು ಯಾವ ತಾಲೂಕಿಗೆ ಸೇರಿದ್ದೆಂಬುದನ್ನು ಶಾಶ್ವತವೆಂದು ನಂಬಿದ್ದ ಕೋಷ್ಟಕಗಳಿಗೆ ಮಾತ್ರ ಇದು ದೊಡ್ಡ ಆಘಾತ. ಗ್ರಾಮದ ಸಾಲಿನಲ್ಲಿ ಅಥಣಿಯನ್ನು ಅಳಿಸಿ ಕಾಗವಾಡವೆಂದು ಬರೆದರೆ, ಹಿಂದಿನ ಹಂಗಾಮಿನ ಬಿಲ್ಲಿನ ನಕಲು ಕೇಳಲು ಬಂದ ರೈತನಿಗೆ, ಆ ಕಾಲದಲ್ಲಿ ಅಸ್ತಿತ್ವದಲ್ಲಿಯೇ ಇರದಿದ್ದ ತಾಲೂಕಿನ ಹೆಸರುಳ್ಳ ಕಾಗದ ದೊರೆಯುವುದು. ಬ್ಯಾಂಕಿನವರು ಅದನ್ನು ಮೂಲದೊಡನೆ ಹೋಲಿಸಿ ಆಕ್ಷೇಪಿಸುವರು. ಅಕ್ಕೋಳ, ಗಳತಗಾ, ಭೋಜಗಳ ರೈತರಿಗೂ ಇದೇ ಕಥೆ. 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಜಿಲ್ಲೆಯಿದು. 2014ರ ನವೆಂಬರ್ 1ರಂದು ಬೆಳಗಾಂ ಎಂಬ ಹೆಸರು ಅಧಿಕೃತವಾಗಿ ಬೆಳಗಾವಿಯಾದ ಜಿಲ್ಲೆಯಿದು. ಇಲ್ಲಿ ಊರು ಸ್ಥಿರ, ಅದರ ಮೇಲಿನ ಆಡಳಿತ ಬದಲಾಗುತ್ತಿರುವುದೇ ವಾಡಿಕೆ. ಆ ಬಳಿಕ ನಮ್ಮ ಸೃಷ್ಟಿಕರ್ತರಲ್ಲಿ ಗ್ರಾಮವನ್ನು ಕೇಳುವಾಗ ದಿನಾಂಕವನ್ನೂ ಕೇಳುವ ಪದ್ಧತಿ ಬಂದಿತು: 2016ರ ಉಗಾರಕ್ಕೆ ಅಥಣಿ, 2019ರ ಉಗಾರಕ್ಕೆ ಕಾಗವಾಡ. ಉಗಾರಗಳೂ ಎರಡೆಂಬುದನ್ನು ಮರೆಯಬಾರದು, ಖುರ್ದ ಮತ್ತು ಬುದ್ರುಕ್. ಸವದತ್ತಿಯೂ ಎರಡು, ರಾಯಬಾಗ ತಾಲೂಕಿನ ಕೃಷ್ಣಾತೀರದ ಹಳ್ಳಿಯೊಂದು, ಎಲ್ಲಮ್ಮನ ಸವದತ್ತಿಯೊಂದು, ಒಂದೇ ಜಿಲ್ಲೆಯೊಳಗೆ. ಊರಿನ ಹೆಸರು ಜಿಲ್ಲೆಗೊಂದೇ ಎಂಬ ನಿಯಮವನ್ನು ಕೋಷ್ಟಕಕ್ಕೆ ಹಾಕಿದವರಿಗೆ ಈ ಎರಡು ಸಾಲು ಸಾಕು ಉತ್ತರ.

ಚಿಕ್ಕೋಡಿ ಎಂಬ ಹೆಸರೂ ನಮ್ಮನ್ನು ಬಹಳ ದಿನ ಕಾಡಿತು. ಯೂನಿಕೋಡಿನಲ್ಲಿ ‘ಕೋ’ ಎಂಬಲ್ಲಿನ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿದ್ದ ಪಟ್ಟಿಗಳನ್ನು ಪರಿವರ್ತಿಸಿದಾಗ ಒಂದು ಬಗೆ, ಮೊಬೈಲಿನಲ್ಲಿ ಹೊಸದಾಗಿ ಟೈಪು ಮಾಡಿದಾಗ ಇನ್ನೊಂದು ಬಗೆ ಬಂದು, ಪರದೆಯ ಮೇಲೆ ಎರಡು ಚಿಕ್ಕೋಡಿಗಳು ಅಕ್ಕಪಕ್ಕದಲ್ಲಿ ನಿಂತುವು. ಒಂದರ ಕೆಳಗೆ ಕೆಲವು ಗ್ರಾಮ, ಇನ್ನೊಂದರ ಕೆಳಗೆ ಮಿಕ್ಕ ಗ್ರಾಮ. ಒಳಬರುವ ಹೆಸರನ್ನೆಲ್ಲ ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ಎಂಬ ಸಂಸ್ಕಾರ ಇದಕ್ಕೆ ಪರಿಹಾರ. ಆದರೆ ಆ ಪರಿಹಾರ ಕೆಲಸ ಮಾಡುತ್ತಿದೆಯೆಂದು ಹೇಳಬಲ್ಲ ಪರೀಕ್ಷೆಗೆ ಎರಡೂ ಬಗೆಯ ಚಿಕ್ಕೋಡಿ ದತ್ತಾಂಶದಲ್ಲಿ ಇರಲೇಬೇಕು. ಇಂಗ್ಲಿಷ್ ಅಕ್ಷರಗಳ ರೈತರನ್ನಷ್ಟೇ ಇಟ್ಟುಕೊಂಡು ಪರೀಕ್ಷಿಸಿದ ತಂತ್ರಾಂಶವನ್ನು ಕನ್ನಡನಾಡಿನಲ್ಲಿ ಬಳಸಲು ಕೊಡಬಾರದೆಂಬುದು ಅಂದಿನಿಂದ ನನ್ನ ದೃಢವಾದ ಅಭಿಪ್ರಾಯ.

ಇಷ್ಟು ಕಷ್ಟವೇಕೆ, ಕಾರ್ಖಾನೆಯ ನಿಜವಾದ ಡೇಟಾಬೇಸನ್ನೇ ನಕಲು ಮಾಡಿಕೊಂಡು ಪರೀಕ್ಷಿಸಿದರಾಗದೇ ಎಂಬ ಸಲಹೆ ಮತ್ತೆ ಮತ್ತೆ ಬರುತ್ತಿತ್ತು. ಅದರಲ್ಲಿ ನಮ್ಮ ಕಲ್ಪನೆಗೆ ನಿಲುಕದ ಸಂಬಂಧಗಳೆಲ್ಲ ಸಿದ್ಧವಾಗಿವೆಯೆಂಬುದು ನಿಜ. ಆದರೆ ಅದರಲ್ಲಿ ಯಾರ ಮೇಲೆ ಎಷ್ಟು ಸಾಲವಿದೆ, ಯಾರ ಪಾಲು ಯಾರಿಗೆ ಹೋಯಿತು, ಯಾರ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂಬುದೂ ಇದೆ. ಹತ್ತಿರದ ಹಳ್ಳಿಗಳ ಹುಡುಗರೇ ಪ್ರೋಗ್ರಾಮರುಗಳಾಗಿರುವ ತಂಡದಲ್ಲಿ, ಒಬ್ಬನ ಲ್ಯಾಪ್‌ಟಾಪಿನಲ್ಲಿ ಅವನ ನೆರೆಮನೆಯವರ ಋಣದ ಲೆಕ್ಕ ಕುಳಿತಿರುವುದು ನ್ಯಾಯವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಬರುವುದಕ್ಕೆ ಮೊದಲೂ ಇದು ನ್ಯಾಯವಾಗಿರಲಿಲ್ಲ. ನಾವು ನಿಜವಾದ ಡೇಟಾಬೇಸಿನಿಂದ ಸಂಖ್ಯೆಗಳನ್ನಷ್ಟೇ ಕೇಳಿ ಪಡೆದೆವು: ಒಂದು ಹೊಲಕ್ಕೆ ಅತಿ ಹೆಚ್ಚೆಂದರೆ ಎಷ್ಟು ಹಿಸ್ಸೆದಾರರು, ಒಂದು ಬಿಲ್ಲಿಗೆ ಎಷ್ಟು ಕಡಿತಗಳು. ಆ ಆಕಾರಕ್ಕೆ ತಕ್ಕ ಕುಟುಂಬಗಳನ್ನು ನಾವೇ ಸೃಷ್ಟಿಸಿದೆವು. ಆಧಾರ್ ಸಂಖ್ಯೆ ಬೇಕಾದೆಡೆಯಲ್ಲಿಯೂ ಇದೇ ಎಚ್ಚರ. ಅದರ ಹನ್ನೆರಡನೆಯ ಅಂಕಿಯು ವೆರ್ಹೂಫ್ ಎಂಬ ಡಚ್ ಗಣಿತಜ್ಞರ ಸೂತ್ರದಿಂದ ಬರುವ ತಪಾಸಣೆಯ ಅಂಕಿ. ಮೊದಲ ಅಂಕಿ 0 ಅಥವಾ 1 ಆಗಿರುವುದಿಲ್ಲ. ನಮ್ಮ ಕಲ್ಪಿತ ರೈತರ ಸಂಖ್ಯೆಗಳು ತಪಾಸಣೆಗೆ ಸರಿಹೊಂದಿದರೂ 1ರಿಂದ ಆರಂಭವಾಗುವಂತೆ ಮಾಡಿದೆವು. ಅವು ಜೀವಂತ ಮನುಷ್ಯರಾರಿಗೂ ಸೇರಿರಲಾರವು.

ಈಗ ಚಿಕ್ಕೋಡಿ, ನಿಪ್ಪಾಣಿ ಕಡೆಯ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವ ಮಕ್ಕಳು ಬೇಕಾದಷ್ಟಿದ್ದಾರೆ. ಅವರಲ್ಲಿ ಬಹುಮಂದಿ ಕಬ್ಬಿನ ಬಿಲ್ಲಿನಲ್ಲಿಯೇ ಫೀ ಕಟ್ಟಿದವರ ಮಕ್ಕಳು. ಡೇಟಾಬೇಸಿನ ಪಾಠಕ್ಕಾಗಿ ಅವರು ಪರದೇಶದ ಪುಸ್ತಕದಲ್ಲಿರುವ ಗ್ರಾಹಕ ಮತ್ತು ಆರ್ಡರುಗಳ ಕೋಷ್ಟಕಗಳನ್ನು ಬರೆಯುವುದನ್ನು ನಾನು ನೋಡಿದ್ದೇನೆ. ಅವರಿಗೂ ಅವರ ಅಧ್ಯಾಪಕರಿಗೂ ನನ್ನದೊಂದು ವಿನಂತಿ: ಮನೆಯ ಉತಾರವನ್ನು ಒಮ್ಮೆ ಹೊರಗೆ ತೆಗೆಯಿರಿ, ಅಜ್ಜನನ್ನೋ ಕಾಕಾನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಹಿಸ್ಸೆ, ಬೋಜಾ, ವಾರಸಾಗಳನ್ನು ಕೇಳಿ ತಿಳಿಯಿರಿ, ಹೆಸರುಗಳನ್ನು ಬದಲಾಯಿಸಿ, ಸಂಬಂಧಗಳನ್ನು ಹಾಗೆಯೇ ಇರಿಸಿ, ನಿಮ್ಮ ಮೊದಲ ಪರೀಕ್ಷಾ ದತ್ತಾಂಶವನ್ನು ಅದರಿಂದಲೇ ಕಟ್ಟಿರಿ.